ಹವಾಲ್ದಾರರ ಕಾದಂಬರಿ

ಎಪ್ಪತ್ತೊಂದರ ಯುದ್ಧ ಮುಗಿಸಿ ಬಂದ ಹವಾಲ್ದಾರ್ ಲಕ್ಕಣ್ಣನವರು ಕಾದಂಬರಿ ಬರೆಯುತ್ತಿರುವುದು ನಮ್ಮೂರು ಯಗಟಿಯ ಕುರಿಗಳಿಗೂ ಗೊತ್ತು. ಬೆಳಗ್ಗೆ ಮೀಸೆ ತೀಡಿ, ಇಸ್ತ್ರಿ ಅಂಗಿ ತೊಟ್ಟು, ಡ್ಯೂಟಿಗೆ ಹಾಜರಾದಂತೆ ಜಗಲಿಯಲ್ಲಿ ಬರೆಯಲು ಕೂರುತ್ತಾರೆ. ಸಂಜೆ ಬಂದವರಿಗೆ ಓದಿ ಹೇಳುತ್ತಾರೆ. "ಗುಂಡು ಹಾರಾದು ಯಾವಾಗಣ್ಣಾ?" ಎಂದು ಕೇಳಿದರೆ, "ತಡೀರಪ್ಪಾ, ಊರು ಬಿಟ್ಟ ಜನ ಇನ್ನೂ ನಡೀತಾವ್ರೆ" ಎನ್ನುತ್ತಾರೆ. ಏಳು ನೋಟ್‌ಬುಕ್ ತುಂಬಿದರೂ ಆ ಜನ ನಡೆಯುತ್ತಲೇ ಇದ್ದಾರೆ. ಅವರಲ್ಲೊಬ್ಬ ಬಂಗಾಳಿ ಮುದುಕಿ ತಮ್ಮ ಕೈ ಹಿಡಿದು ಆಡಿದ ಮಾತನ್ನು ಲಕ್ಕಣ್ಣನವರು ಅಂದೇ, ಕಿವಿಗೆ ಬಿದ್ದಂತೆ, ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದರು. ಅರ್ಥ ಗೊತ್ತಿರಲಿಲ್ಲ. "ನೀರು ಕೇಳಿದ್ಲು ಅಂತ ಬರೀರಿ, ಯಾರಿಗೆ ಗೊತ್ತಾಗುತ್ತೆ?" ಎಂದೆ. "ನಾನೂ ಹಂಗೇ ಅಂದ್ಕಂಡು ನೀರು ಕೊಟ್ಟೆ ಮೇಷ್ಟ್ರೇ. ಆದ್ರೆ ಅವಳ ಬಾಯಲ್ಲಿ ನನ್ನ ಮಾತು ಹೇಳಿಸ್ಬಾರ್ದು" ಎಂದವರು, ಮರುದಿನವೇ ಬಸ್ಸು ಹಿಡಿದು ಲಕ್ಕವಳ್ಳಿ ಡ್ಯಾಮಿನಲ್ಲಿದ್ದ ಬಂಗಾಳಿ ಇಂಜಿನಿಯರೊಬ್ಬರನ್ನು ಹುಡುಕಿಕೊಂಡು ಹೋದರು. ಅವರು ಆ ಸಾಲನ್ನು ಎರಡು ಸಲ ಓದಿಸಿ ಕೇಳಿ, "ನನ್ನ ಮಗಳು ಹಿಂದೆ ಬರ್ತಿದ್ದಳು, ನೋಡಿದೆಯಾ ಅಂತ ಕೇಳಿದ್ದಾಳೆ" ಎಂದರಂತೆ. ಊರಿಗೆ ಬಂದ ಲಕ್ಕಣ್ಣನವರು ಆ ಸಂಜೆ ನಮ್ಮೆಲ್ಲರ ಮುಂದೆ, ದನಿ ಅಲುಗಿಸದೆ, ಹೊಸದಾಗಿ ಬರೆದ ಎರಡು ಸಾಲು ಓದಿದರು: "ಅವಳು ಮಗಳನ್ನು ಕೇಳಿದಳು. ನಾನು ನೀರು ಕೊಟ್ಟೆ."