ಹೊಸ್ತಿಲ ದೇವರ ಊದುಬತ್ತಿ

ಅವರ ಎಡಗೈಯ ಮೂರು ಬೆರಳುಗಳ ತುದಿ ಸದಾ ಕೆಂಪಗಿರುತ್ತಿತ್ತು. ಗೋರಂಟಿಯಲ್ಲ, ಚೀನೀ ಊದುಬತ್ತಿಯ ಬಿದಿರುಕಡ್ಡಿಗೆ ಬಳಿದ ಬಣ್ಣ. ದಿನಕ್ಕೆರಡು ಬಾರಿ ಹಿಡಿದು ಹಿಡಿದು ಅದು ಚರ್ಮಕ್ಕೇ ಇಳಿದಿತ್ತು. ಇಂಗ್ಲಿಷರ ನಾಡಿನ ಗ್ರೀನ್‌ಫರ್ಡ್‌ನಲ್ಲಿ, ನಗರಾಡಳಿತ ಬಾಡಿಗೆಗೆ ಕೊಡುವ ಕೌನ್ಸಿಲ್ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ನಮ್ಮ ಎದುರಿನ ಫ್ಲ್ಯಾಟ್ ಅವರದು. ಚೀನೀ ಮೂಲದವರು; ಮಲೇಷ್ಯಾದ ಪೆನಾಂಗಿನಿಂದ ನರ್ಸಿಂಗ್ ಕಲಿಯಲು ಬಂದು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್, ಅಂದರೆ ಹಿರಿಯ ನರ್ಸ್, ಆಗಿ ನಿವೃತ್ತರಾದವರು. ನನ್ನ ತಂದೆ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ‘ಸಿಸ್ಟರ್’.

ತೊಂಬತ್ತರ ದಶಕದ ನನ್ನ ಬಾಲ್ಯದ ಸಂಜೆಗಳು ಅವರ ಮನೆಯಲ್ಲೇ ಕಳೆದವು. ಅವ್ವ ಕೆಲಸದಿಂದ ಬರುವವರೆಗೆ ನನ್ನನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಮನೆಯೊಳಗೆ ಗೋಡೆಯ ಮೇಲೆ ಬೌದ್ಧರ ಕರುಣೆಯ ದೇವಿ. ಹೊರಗೆ, ಬಾಗಿಲ ಪಕ್ಕದ ನೆಲದ ಮೇಲೆ, ಕೆಂಪು ಹಲಗೆಯ ಗೂಡಿನಲ್ಲಿ ತಾವೋ ಪಂಥದ ಬಿಳಿಗಡ್ಡದ ಭೂಮಿದೇವರು. ಇಬ್ಬರಿಗೂ ಮೂರು ಮೂರು ಊದುಬತ್ತಿ.

“ಮೂರೇ ಯಾಕೆ?” ಎಂದು ದೇವಿಯ ಮುಂದೆ ಕೇಳಿದ್ದೆ.

“ಬುದ್ಧನಿಗೊಂದು, ಅವನ ಮಾತಿಗೊಂದು, ಅವನ ಸಂಘಕ್ಕೊಂದು.”

ಮರುದಿನ ಹೊರಗಿನ ಗೂಡಿನ ಮುಂದೆ ಮತ್ತೆ ಕೇಳಿದೆ. “ಆಕಾಶ, ಭೂಮಿ, ಮನುಷ್ಯ” ಎಂದರು.

“ನಿನ್ನೆ ಬೇರೆ ಹೇಳಿದ್ರಿ!”

“ನಿನ್ನೆ ಬೇರೆಯವರ ಮುಂದೆ ನಿಂತಿದ್ವಿ, ಮಗೂ. ಇವರ ಮುಂದೆ ನಿಂತು ಅವರ ಮಾತು ಆಡಿದ್ರೆ ಚೆನ್ನಾಗಿರುತ್ತಾ?”

ಅವರು ಊದುಬತ್ತಿ ಸಿಕ್ಕಿಸುತ್ತಿದ್ದುದು ಎಡಗೈಯಿಂದ. ಅವ್ವನಿಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. “ದೇವರಿಗೆ ಎಡಗೈಲೆ ಕೊಡ್ತಾರಲ್ಲವಾ, ಏನ್ ಅನ್ನಬೇಕ ಇದಕ್ಕ” ಎಂದು ಬಾಗಿಲಲ್ಲೇ ನಿಂತು ಧಾರವಾಡದ ಕನ್ನಡದಲ್ಲಿ ಗೊಣಗಿದಳು. ನಾನು ಸಂಕೋಚವಿಲ್ಲದೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿಬಿಟ್ಟೆ. ಸಿಸ್ಟರ್ ತಮ್ಮ ಬಲಗೈಯನ್ನು ಹೊರಳಿಸಿ ನೋಡಿಕೊಂಡರು.

“ಈ ಕೈ ಕೋಳಿ ಕೊಯ್ದಿದೆ. ತಂಗಿಯ ಕೆನ್ನೆಗೆ ಹೊಡೆದಿದೆ. ಎಷ್ಟು ಜನಕ್ಕೆ ಸೂಜಿ ಚುಚ್ಚಿದೆಯೋ ದೇವರಿಗೇ ಗೊತ್ತು. ಇದನ್ನ ಅವನ ಮುಂದೆ ಹೇಗೆ ಚಾಚಲಿ?”

ಅವ್ವ “ಖರೆ ಅದ ನೋಡು” ಎಂದಳು. ಊದುಬತ್ತಿಯ ಜ್ವಾಲೆಯನ್ನು ಬಾಯಿಂದ ಊದಿ ಆರಿಸಬಾರದೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಮೊದಲಿನಿಂದಲೇ ಒಮ್ಮತವಿತ್ತು.

ಸಿಸ್ಟರ್ ಲೆಕ್ಕದಲ್ಲಿ, ಹೊಗೆ ನೇರ ಏರಿದರೆ ಮಾತು ಮೇಲೆ ಮುಟ್ಟಿತು. ಬೂದಿ ಉದುರದೆ ಸುರುಳಿಯಾಗಿ ನಿಂತರೆ ದೇವರು ಕೇಳಿಸಿಕೊಳ್ಳುತ್ತಿದ್ದಾನೆ. ಎರಡು ಬೇಗ ಉರಿದು ಮೂರನೆಯದು ಮಾತ್ರ ಉದ್ದ ಉಳಿದರೆ ಕೆಟ್ಟ ಸುದ್ದಿ. ಹಾಗಾದ ದಿನ ಪೆನಾಂಗಿನ ತಂಗಿಗೆ ಫೋನ್ ಹೋಗುತ್ತಿತ್ತು. “ಇದನ್ನೆಲ್ಲ ನಂಬ್ತೀರಾ?” ಎಂದು ಕೇಳಿದೆ. “ಇಲ್ಲ” ಎಂದು ಡಯಲ್ ಮಾಡುತ್ತಲೇ ಹೇಳಿದರು. “ಆದ್ರೆ ತಂಗಿ ಜೊತೆ ಮಾತಾಡೋಕೆ ಇನ್ನೇನು ನೆಪ ಬೇಕು?”

ಊದುಬತ್ತಿ ಉರಿದುಹೋದ ಮೇಲೆ ಉಳಿಯುವ ಕೆಂಪು ಮೋಟುಕಡ್ಡಿಗಳನ್ನು ಅವರು ಮನಬಂದಾಗ ಕೀಳುತ್ತಿರಲಿಲ್ಲ. ಧೂಪದ ಬಟ್ಟಲನ್ನು ಅಲುಗಿಸಿದರೆ ದೇವರನ್ನೇ ಅಲುಗಿಸಿದಂತೆ. ಚೀನೀ ವರ್ಷದ ಕೊನೆಯಲ್ಲಿ, ದೇವರುಗಳೆಲ್ಲ ವರದಿ ಒಪ್ಪಿಸಲು ಸ್ವರ್ಗಕ್ಕೆ ಹೋಗಿರುವಾಗ ಮಾತ್ರ ಅದನ್ನು ಶುಚಿ ಮಾಡಬೇಕು. ನಾನು ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿದ್ದಾಗ ಸಂಧಿವಾತದಿಂದ ಅವರ ಬೆರಳುಗಳು ಮಡಚದಾದವು. ಆ ವರ್ಷದ ಕೊನೆಗೆ ಹೊರಗಿನ ಬಟ್ಟಲನ್ನು ಶುಚಿ ಮಾಡುವ ಕೆಲಸ ನನಗೆ ಒಪ್ಪಿಸಿದರು. ಆ ವಾರ ನನಗೊಂದು ಪ್ರತಿಭಟನಾ ಮೆರವಣಿಗೆಯಿತ್ತು. “ಊರಿಗೆಲ್ಲಾ ಜವಾಬ ಕೇಳಾಕಿ, ಮೊದಲ ಸಿಸ್ಟರ್ ಹೇಳಿದ್ ಕೆಲಸ ಮುಗಿಸು” ಎಂದು ಅವ್ವ ಚುಚ್ಚಿದಳು. ಆಮೇಲೆ ಮಾಡುತ್ತೇನೆಂದು ಹೇಳಿ ಹೋದವಳು ಮಾಡಲೇ ಇಲ್ಲ.

ವಸಂತದ ಒಂದು ಬೆಳಿಗ್ಗೆ ಆ ಮೋಟುಕಡ್ಡಿಗಳಿಗೆ ಕಿಡಿ ತಗುಲಿ ಬಟ್ಟಲು ಭಗ್ಗನೆ ಹೊತ್ತಿಕೊಂಡಿತು. ಹಾಗೆ ತಾನಾಗಿ ಉರಿದರೆ ದೇವರೇ ಏನೋ ಹೇಳಲು ಬಂದನೆಂದು ಅವರ ಕಡೆಯವರ ನಂಬಿಕೆ. ಸಿಸ್ಟರ್ ನೀರು ಸುರಿಯಲಿಲ್ಲ. ಉರಿ ತಣಿಯುವವರೆಗೆ ಕೈಮುಗಿದು ನಿಂತಿದ್ದರು. ರಜೆಗೆ ಬಂದ ನನಗೆ ಮುಖ ಅರಳಿಸಿಕೊಂಡು ಈ ಸಂಗತಿ ಹೇಳಿದರು. ಬಂದದ್ದು ದೇವರಲ್ಲ, ನನ್ನ ಸೋಮಾರಿತನ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಹೇಳಲಿಲ್ಲ.

ಬೇಸಿಗೆಯಲ್ಲಿ ಕೌನ್ಸಿಲ್‌ನ ವಸತಿ ಕಚೇರಿಯಿಂದ ಸಿಸ್ಟರ್‌ಗೆ ಪತ್ರ ಬಂತು. ಹೊಗೆಯ ಬಗ್ಗೆ ಯಾರೋ ದೂರಿದ್ದಾರೆ. ಗೂಡನ್ನು ತೆಗೆಯದಿದ್ದರೆ ಮನೆ ಬಿಡಿಸುವ ಕ್ರಮ ಜರುಗುತ್ತದೆ. ಎಪ್ಪತ್ತು ದಾಟಿದ ಒಂಟಿ ಹೆಂಗಸಿಗೆ ಈ ಬೆದರಿಕೆ! ಅವರ ಪರವಾಗಿ ನಾಲ್ಕು ಪುಟದ ಉತ್ತರ ಬರೆದೆ. ಅದರಲ್ಲಿ ಹೀಗೊಂದು ವಾಕ್ಯವಿತ್ತು: “ಇಷ್ಟು ವರ್ಷಗಳಲ್ಲಿ ಇಲ್ಲಿ ಒಂದು ಕಿಡಿಯೂ ಹಾರಿಲ್ಲ.” ಸಿಸ್ಟರ್‌ಗೆ ಓದಿ ಹೇಳದೆಯೇ ಅಂಚೆಗೆ ಹಾಕಿದೆ.

ಪರಿಶೀಲನೆಗೆ ಬಂದ ಅಧಿಕಾರಿ ಮೆಟ್ಟಿಲ ಬಳಿ ನಿಂತು ಅದೇ ವಾಕ್ಯವನ್ನು ಗಟ್ಟಿಯಾಗಿ ಓದಿದ. “ಇದು ನಿಜವೇ?”

“ನಿಜ” ಎಂದೆ.

“ಅಲ್ಲ” ಎಂದರು ಸಿಸ್ಟರ್. “ಏಪ್ರಿಲ್‌ನಲ್ಲಿ ಬಟ್ಟಲಿನ ಹಳೇ ಕಡ್ಡಿಗಳೆಲ್ಲ ಹೊತ್ತಿ ಉರಿದ್ವು. ಇಷ್ಟೆತ್ತರ.” ಸೊಂಟದ ಬಳಿ ಕೈಯಿಟ್ಟು ತೋರಿಸಿದರು. ಅಧಿಕಾರಿ ಬರೆದುಕೊಂಡ. ಮನೆ ಹೋಯಿತೆಂದೇ ಭಾವಿಸಿದೆ.

“ಅಷ್ಟೊಂದು ಕಡ್ಡಿ ಯಾಕೆ ಬಿಟ್ಟಿದ್ರಿ?” ಎಂದು ಅಧಿಕಾರಿ ಸಿಸ್ಟರನ್ನು ಕೇಳಿದ.

“ಈ ವರ್ಷ ತೆಗೆಯೋದು ತಪ್ಪಿಹೋಯ್ತು.” ಅವರು ನನ್ನ ಕಡೆ ನೋಡಲಿಲ್ಲ. “ನೋಡಿದ ಕೂಡಲೇ ಆರಿಸಬೇಕಿತ್ತು, ಆರಿಸಲಿಲ್ಲ. ಅದು ನನ್ನ ತಪ್ಪು, ಬರ್ಕೊಳ್ಳಿ. ಬರೆದಾಯ್ತಾ? ಈಗ ಅದರ ಕೆಳಗೆ ನಿಮ್ಮದು ಬರೀರಿ.”

“ನಮ್ಮದೇ?”

“ಅಷ್ಟು ಬೆಂಕಿ, ಅಷ್ಟು ಹೊಗೆ. ನಿಮ್ಮ ಬೆಂಕಿ ಅಲಾರಂ ತುಟಿ ಬಿಚ್ಚಲಿಲ್ಲ.” ಮೇಲ್ಛಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯತ್ತ ಬೆರಳು ತೋರಿಸಿದರು. “ಇದು ಕೆಟ್ಟಿದೆ ಅಂತ ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದೀನಿ. ಈ ಮೆಟ್ಟಿಲ ಮೇಲೆ ಆರು ಸಂಸಾರ ಇದೆ, ತಮ್ಮಾ. ಬರೆದು ಸಹಿ ಹಾಕಿ.”

ಅಧಿಕಾರಿ ಕೈಯೆತ್ತಿ ಅದರ ಪರೀಕ್ಷೆಯ ಗುಂಡಿ ಒತ್ತಿ ನೋಡಿದ. ಮೌನ. ಮತ್ತೆ ಒತ್ತಿದ. ನಂತರ, ನನ್ನ ಕಣ್ಣೆದುರಿಗೇ, ಬರೆದು ಸಹಿ ಹಾಕಿದ.

ನನ್ನ ನಾಲ್ಕು ಪುಟದಿಂದ ಆಗದ ಕೆಲಸ ಅವರ ಒಂದು ತಪ್ಪೊಪ್ಪಿಗೆಯಿಂದ ಆಯಿತು. ವಾರದೊಳಗೆ ಹೊಸ ಅಲಾರಂ ಬಂತು, ಕಚೇರಿಯ ತಪ್ಪೂ ಅದೇ ಕಾಗದಕ್ಕೆ ಬಿದ್ದಿದ್ದರಿಂದ ಮನೆ ಉಳಿಯಿತು. ಗೂಡು ಮಾತ್ರ ಒಳಗೆ ಹೋಗಬೇಕಾಯಿತು. ಸಿಸ್ಟರ್ ಮೂರು ಊದುಬತ್ತಿ ಹಚ್ಚಿ, ವಿಳಾಸ ಎರಡು ಅಡಿ ಬದಲಾಗಿದೆಯೆಂದು ದೇವರಿಗೆ ಅರಿಕೆ ಮಾಡಿಕೊಂಡರು. ಆದರೂ ಆ ಕಚೇರಿಯನ್ನು ನಾನು ಕ್ಷಮಿಸಿಲ್ಲ: ಸತ್ತ ಅಲಾರಂ ಕಾಣದ ಕಣ್ಣಿಗೆ ಮುದುಕಿಯೊಬ್ಬಳ ದೇವರು ಎಷ್ಟು ಬೇಗ ಕಂಡ!

ಕೆಲವು ವರ್ಷಗಳ ನಂತರ ಅವರು ಆಸ್ಪತ್ರೆಯಲ್ಲಿದ್ದರು, ಈ ಬಾರಿ ಹಾಸಿಗೆಯಲ್ಲಿ. ವೈದ್ಯರು ಆಸೆ ಬಿಟ್ಟಿದ್ದರು. ಕೊನೆಗೂ ಬಾಯಿಬಿಟ್ಟೆ: “ಸಿಸ್ಟರ್, ಆ ಕಡ್ಡಿ ನಾನು ತೆಗೆದಿರಲಿಲ್ಲ.”

“ಗೊತ್ತು. ದಿನಾ ಊದುಬತ್ತಿ ಸಿಕ್ಕಿಸೋಳು ನಾನಲ್ವಾ?”

“ಮತ್ತೆ ಅವತ್ತು ಯಾಕೆ ಹೇಳಲಿಲ್ಲ?”

“ನಿನ್ನ ತಪ್ಪನ್ನ ನಾನು ಬರೆಸಿದ್ರೆ ಅದು ಚಾಡಿ ಆಗುತ್ತೆ.” ಉಸಿರು ತೆಗೆದುಕೊಂಡರು. “ನೀನೇ ಬರೀತೀಯ ಅಂತ ಜಾಗ ಬಿಟ್ಟಿದ್ದೆ. ನೀನು ಸ್ವಲ್ಪ ತಡ ಮಾಡಿದೆ.”

ಹತ್ತು ದಿನಗಳ ಬಳಿಕ ಅವರು ತೀರಿಕೊಂಡರು. ಅಂದಿನಿಂದ ಎಷ್ಟೋ ಕಚೇರಿಗಳಿಗೆ ಉತ್ತರ ಕೇಳಿ ಬರೆದಿದ್ದೇನೆ, ಬಿಡದೆ ಬರೆಯುತ್ತೇನೆ. ಆದರೆ ಅವರು ನನಗಾಗಿ ಖಾಲಿ ಬಿಟ್ಟ ಜಾಗ ಇನ್ನೂ ಹಾಗೇ ಇತ್ತು. ಅದರಲ್ಲಿ ಬರೆಯಬೇಕಾದದ್ದು ಇಷ್ಟೇ: ಆ ಬಟ್ಟಲನ್ನು ಶುಚಿ ಮಾಡುವ ಹೊಣೆ ನನ್ನದಾಗಿತ್ತು, ನಾನು ಮಾಡಲಿಲ್ಲ, ಆರು ಸಂಸಾರಗಳ ಮೆಟ್ಟಿಲ ಬಳಿ ಬೆಂಕಿ ಎದ್ದಿತು, ಕೇಳಿದಾಗ ಸುಳ್ಳು ಹೇಳಿದೆ.