ವಿಶಾಲಾಕ್ಷಮ್ಮನವರು ಸಾಕಿದ ಸೊಳ್ಳೆಗಳು

ವಿಶಾಲಾಕ್ಷಮ್ಮನವರು ಯಾವುದನ್ನೂ ಸುಮ್ಮನೆ ಒಪ್ಪಿಕೊಂಡವರಲ್ಲ. ಹಾಲು ಯಾಕೆ ಒಡೆಯಿತು, ಎದುರುಮನೆಯ ಬೆಕ್ಕು ಯಾಕೆ ಕುಂಟುತ್ತಿದೆ, ಎಲ್ಲಕ್ಕೂ ಅವರಿಗೆ ಕಾರಣ ಬೇಕು. ಚಾಮರಾಜಪೇಟೆಯ ಆ ಬೀದಿಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ತರಕಾರಿ ಗಾಡಿಯೂ ದಾಟುತ್ತಿರಲಿಲ್ಲ. ಅವರ ಗಂಡ ಸಿದ್ದಬಸಪ್ಪನವರಿಗೆ ಪೇಟೆಯಲ್ಲಿ ಕಾಳುಕಡಿಯ ಮಂಡಿ. ಅಂಗಡಿಯಲ್ಲಿ ವ್ಯಾಪಾರ, ಮನೆಯಲ್ಲಿ ವಿಚಾರಣೆ ಎಂದು ಅವರು ನಗೆಯಾಡುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಆ ನಗೆಯೂ ಅಡಗಿತು. ಮೊಮ್ಮಗಳು ಮಹಾನಂದಳಿಗೆ ಮಲೇರಿಯಾ ಬಂತು. ದಿನ ಬಿಟ್ಟು ದಿನ ನಡುಕ. ಎಷ್ಟು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರು ಕೊಟ್ಟ ಕ್ವಿನೈನನ್ನು ಜೇನಿನಲ್ಲಿ ಕಲಸಿ, ರಮಿಸಿ, ಗದರಿಸಿ, ಒಂದು ಹೊತ್ತೂ ತಪ್ಪದೆ ತಿನ್ನಿಸಿದ್ದಾಯಿತು. ಜ್ವರ ಬಿಟ್ಟಿತು. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಂತು. ಈ ಸಲ ಎಡಪಕ್ಕೆಯ ಕೆಳಗೆ ಗುಲ್ಮ ಊದಿ ಜ್ವರಗಡ್ಡೆ ಕೈಗೆ ಸಿಗುವಷ್ಟು ಬೆಳೆದಿತ್ತು, ತುಟಿ ಬಿಳುಚಿತ್ತು. ಡಾಕ್ಟರು ಮತ್ತೆ ಕ್ವಿನೈನ್ ಕೊಟ್ಟು, ಇನ್ನೊಂದು ಸಲ ಬಂದರೆ ಮಗು ತಡೆಯುವುದು ಕಷ್ಟ ಎಂದರು. ಔಷಧಿ ಪೂರ್ತಿ ಕೊಟ್ಟ ಮೇಲೂ ಈ ಜ್ವರ ಎಲ್ಲಿಂದ ಬಂತು ಎಂಬುದು ಅಜ್ಜಿಯ ತಲೆ ಕೊರೆಯತೊಡಗಿತು.

ಅದೇ ವಾರ ಆರೋಗ್ಯ ಇಲಾಖೆಯ ದೊರೆಸ್ವಾಮಿ ಮನೆಮನೆಯ ಬಾವಿ ನೋಡುತ್ತ ಬಂದ. ಸೊಳ್ಳೆ ಹುಟ್ಟುವುದು ಇಲ್ಲೇ, ಬಾವಿಗೆ ಸಣ್ಣ ಮೀನು ಬಿಟ್ಟರೆ ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ ಎಂದ. ವಿಶಾಲಾಕ್ಷಮ್ಮನವರಿಗೆ ರೇಗಿಹೋಯಿತು. ಸೊಳ್ಳೆ ಹುಟ್ಟುವುದು ಮೋರಿಯಲ್ಲಿ, ಲಿಂಗಪೂಜೆಗೆ ನೀರು ಸೇದುವ ಬಾವಿಗೆ ಮೀನೇ ಎಂದರು. ಮೀನಿರುವ ಬಾವಿ ಎಂದು ಗೊತ್ತಾದರೆ ನೆಂಟರು ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದು ಸಿದ್ದಬಸಪ್ಪನವರೂ ದನಿಗೂಡಿಸಿದರು. ದೊರೆಸ್ವಾಮಿ ವಾದಕ್ಕೆ ನಿಲ್ಲಲಿಲ್ಲ. ಮಲೇರಿಯಾದ ಸೊಳ್ಳೆಗೆ ತಿಳಿನೀರೇ ಇಷ್ಟ, ಕೂತಾಗ ಅದು ಹಿಂಭಾಗ ಎತ್ತಿಕೊಂಡಿರುತ್ತದೆ, ಜ್ವರದವರ ರಕ್ತ ಹೀರಿ ಆಮೇಲೆ ಇನ್ನೊಬ್ಬರನ್ನು ಕಚ್ಚಿದಾಗ ಜ್ವರ ದಾಟಿಸುತ್ತದೆ ಎಂದು ಹೇಳಿ, ಹದಿನೈದು ದಿನ ಬಿಟ್ಟು ಬರುತ್ತೇನೆಂದು ಹೋದ.

ತಿಳಿನೀರು ಎಂಬ ಮಾತು ಮಾತ್ರ ವಿಶಾಲಾಕ್ಷಮ್ಮನವರನ್ನು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚುತ್ತಲೇ ಇತ್ತು. ಪ್ರತಿ ಬೆಳಿಗ್ಗೆ ಅವರು ಬಾವಿಯ ನೀರನ್ನು ತೆಳು ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಸಣ್ಣ ಹುಳುಗಳನ್ನು ನೆಲಕ್ಕೆ ಕೊಡವಿದವರಲ್ಲ. ಅವೂ ಜೀವವೇ ತಾನೇ ಎಂದು ಬಟ್ಟೆಯನ್ನು ನೀರಿನಲ್ಲಿ ಜಾಲಿಸಿ, ಆ ನೀರನ್ನು ಮತ್ತೆ ಬಾವಿಗೇ ಬಿಡುತ್ತಿದ್ದರು. ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುವ ಹೆಂಗಸು ಅವರು. ದೊರೆಸ್ವಾಮಿ ಬಂದುಹೋದ ಮರುದಿನ ಆ ಹುಳುಗಳನ್ನು ಬಾವಿಗೆ ಬಿಡದೆ ಗಾಜಿನ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿಯಲ್ಲಿಟ್ಟರು.

ಕಂಬಳಿ ಹೊದ್ದ ಮಹಾನಂದಳನ್ನು ಮಡಿಲಲ್ಲಿ ಕೂರಿಸಿಕೊಂಡು ದಿನವೂ ನೋಡಿದ್ದೇ ನೋಡಿದ್ದು. ಹುಳುಗಳು ನೀರಿನ ಮೇಲೆ ಕಸಕಡ್ಡಿಯಂತೆ ಅಡ್ಡಡ್ಡ ಮಲಗಿರುತ್ತಿದ್ದವು. ಜಾಡಿ ತಟ್ಟಿದರೆ ಸರಕ್ಕನೆ ಕೆಳಗಿಳಿಯುತ್ತಿದ್ದವು. ಕೆಲವು ದಿನಗಳಲ್ಲಿ ಒಂದೊಂದಾಗಿ ತಲೆ ದಪ್ಪಗಾಗಿ, ಬಾಗಿ, ತಿನ್ನುವುದನ್ನೇ ಬಿಟ್ಟವು. ಮುಂದೇನಾಗುತ್ತದೆ ಎಂಬ ಕುತೂಹಲದಲ್ಲಿ ಅಜ್ಜಿ ಅನ್ನ ಸೀದದ್ದನ್ನೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆಯ ಒಳಮೈಗೆ ಸೊಳ್ಳೆಗಳು ಕೂತಿದ್ದವು. ಎಲ್ಲವೂ ಹಿಂಭಾಗ ಎತ್ತಿಕೊಂಡಿದ್ದವು.

ಮಹಾನಂದ ಜಾಡಿಗೆ ಮೂಗು ಒತ್ತಿ ನೋಡಿ, "ಅಜ್ಜಿ, ನಾವು ದಿನಾ ಬಾವಿಗೆ ಬಿಡ್ತಿದ್ದಿದ್ದು ಇವನ್ನೇನಾ?" ಎಂದು ಕೇಳಿದಳು.

ಊರಿಗೆಲ್ಲ ಪ್ರಶ್ನೆ ಹಾಕುತ್ತಿದ್ದ ವಿಶಾಲಾಕ್ಷಮ್ಮನವರು ಜಾಡಿಯ ಕಟ್ಟನ್ನು ಇನ್ನೊಮ್ಮೆ ಬಿಗಿದರು. ಯಾವುದನ್ನು ಪುಣ್ಯ ಎಂದುಕೊಂಡು ದಿನವೂ ಮಾಡಿದ್ದರೋ ಅದೇ ಈ ಕೂಸನ್ನು ಹಿಂಡಿತ್ತು. ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಹೇಳಿದ ದಿನಕ್ಕೆ ದೊರೆಸ್ವಾಮಿ ಮಡಕೆಯಲ್ಲಿ ಮೀನು ತಂದ. ವಿಶಾಲಾಕ್ಷಮ್ಮನವರು ಜಾಡಿಯನ್ನು ಕಟ್ಟು ಬಿಚ್ಚದೆ ಅವನ ಕೈಗೆ ಕೊಟ್ಟರು. ಇಂಥ ಮನೆಗಳ ಸಂಕೋಚ ಬಲ್ಲವನಾದ್ದರಿಂದ ಅವನು ಮೆಲ್ಲಗೆ, "ಅಮ್ಮಾವ್ರೇ, ನೀವು ಒಳಗೆ ಹೋಗ್ಬಿಡಿ. ನಾನು ಬಿಟ್ಟು ಹೋಗ್ತೀನಿ, ನೀವು ನೋಡೇ ಇಲ್ಲ ಅಂದ್ಕೊಳ್ಳಿ," ಎಂದ.

"ಇಷ್ಟು ವರ್ಷ ಸೊಳ್ಳೆ ಸಾಕಿದೋಳು ನಾನು. ಮೀನನ್ನೂ ನಾನೇ ಬಿಡ್ತೀನಿ, ಕೊಡಿ," ಎಂದು ಅವರು ಮಡಕೆ ಇಸಿದುಕೊಂಡರು. ಸಿದ್ದಬಸಪ್ಪನವರು ನೆಂಟರ ಮಾತೆತ್ತಿದಾಗ, ಬಾಯಾರಿದ ನೆಂಟರಿಗೆ ಬೀದಿಯ ನಲ್ಲಿ ಇದೆ ಎಂದುಬಿಟ್ಟರು.

ಬಾವಿಕಟ್ಟೆಯ ಮೇಲೆ ಬಗ್ಗಿದಾಗ ಮಹಾನಂದ ಅವರ ಸೆರಗು ಹಿಡಿದು, ಮೀನು ಆ ಮರಿಗಳನ್ನೆಲ್ಲ ತಿಂದುಬಿಡುತ್ತದಾ, ಪಾಪ ಅಲ್ಲವಾ ಎಂದು ಕೇಳಿದಳು. ಆ ಮಾತನ್ನು ಅವಳಿಗೆ ಕಲಿಸಿದವರೇ ಅವರು. ವಿಶಾಲಾಕ್ಷಮ್ಮನವರು ಮೊಮ್ಮಗಳ ಬಿಳುಚಿದ ತುಟಿಗಳನ್ನು ಒಮ್ಮೆ ನೋಡಿದರು.

"ಪಾಪಾನೇ ಕಂದ. ತಿನ್ಲಿ," ಎಂದು ಮಡಕೆ ಬಗ್ಗಿಸಿದರು.