ಹಿಡಿದವಳು ಫಕ್ಕೀರವ್ವ

ಬೆಂಗಳೂರಿನ ರೈಲು ಶನಿವಾರ ಬೆಳಿಗ್ಗೆ ಆರೂವರೆಗೆ ನನ್ನನ್ನು ಗದಗದಲ್ಲಿ ಇಳಿಸಿತು. ಚಳಿಗಾಳಿ ಬೀಸುತ್ತಿತ್ತು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೆ. ಗಂಟಲು ಕಾಯುವುದು ಇಪ್ಪತ್ತೆಂಟು ವರ್ಷದ ಚಾಳಿ. ಟಿವಿಯಲ್ಲಿ ಕಬಡ್ಡಿ, ಕುಸ್ತಿ, ಹಾಕಿಗೆ ಕನ್ನಡದ ವೀಕ್ಷಕ ವಿವರಣೆ ಹೇಳುವುದು ನನ್ನ ಕಸುಬು. ಮೈದಾನದಲ್ಲೇ ಇದ್ದವರಂತೆ ಮಾತಾಡುತ್ತೇವೆ. ನಿಜದಲ್ಲಿ ಬಹಳ ಸಲ ಫ್ಯಾನ್ ಆರಿಸಿದ ಸಣ್ಣ ಕೋಣೆಯಲ್ಲಿ ಕೂತು, ಕಲ್ಲುಸಕ್ಕರೆ ಚೀಪುತ್ತ, ಪರದೆ ನೋಡಿ ಕೂಗುತ್ತಿರುತ್ತೇವೆ.

ಹೊರಟದ್ದು ಒಂದು ಫೋನಿನ ಕಾರಣಕ್ಕೆ. "ಸರ, ನಾ ಫಕ್ಕೀರವ್ವ, ಹಿರೇವಡ್ಡಟ್ಟಿಯಾಕಿ. ಆ ಫೈನಲ್‌ದಾಗ ಕಡೀ ರೈಡ್ ಹಿಡದಾಕಿ ನಾನ. ನೀವು ರೇಣುಕಾ ಅಂದ್ರಿ."

ಹದಿನಾರು ವರ್ಷದ ಹಿಂದಿನ ಹೆಂಗಸರ ಕಬಡ್ಡಿ ಅದು. ಕೊನೆಯ ನಿಮಿಷಗಳಲ್ಲಿ ಫಕ್ಕೀರವ್ವನ ಅಂಗಿ ಹರಿಯಿತು. ತಂಡದ ಬಳಿ ಬೇರೆ ಅಂಗಿ ಇರಲಿಲ್ಲ. ಮೊಣಕಾಲು ನೋವಿಗೆ ಹೊರಗೆ ಕೂತಿದ್ದ ರೇಣುಕಾ ತನ್ನ ಅಂಗಿ ಬಿಚ್ಚಿಕೊಟ್ಟಳು. ನನ್ನ ಹಾಳೆಯಲ್ಲಿ ನಾಲ್ಕನೇ ನಂಬರು ಎಂದರೆ ರೇಣುಕಾ. ಹಿಡಿತ ಬಿದ್ದಾಗ ಆ ಹೆಸರನ್ನೇ ಕೂಗಿದೆ. ಆ ತುಣುಕು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಅದರಲ್ಲಿ ಹಿಡಿದವಳ ಮುಖ ಕಾಣುವುದಿಲ್ಲ, ಬೆನ್ನಿನ ನಂಬರು ಮಾತ್ರ.

ಫಕ್ಕೀರವ್ವ ಈಗ ಊರಿನ ಎಂಟು ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಅವರನ್ನು ಗದಗದ ಒಂದು ತಿಂಗಳ ಶಿಬಿರಕ್ಕೆ ಕರೆದೊಯ್ಯಬೇಕು. ಕಳಿಸುವುದೋ ಬಿಡುವುದೋ ಎಂದು ಭಾನುವಾರ ಹೆತ್ತವರು ಹೇಳಬೇಕು. ಬಸಪ್ಪ ಎಂಬ ತಂದೆ ಆ ತುಣುಕು ಹಚ್ಚಿ ತೋರಿಸಿ, "ನಾನ ಹಿಡದೆ ಅಂತ ಸುಳ್ಳ ಹೇಳ್ಕೋತ ಬಂದಾಕಿ ಕೂಡ ಮಗಳ್ನ ತಿಂಗಳಗಟ್ಲೆ ಹೆಂಗ ಕಳಸೂದು?" ಎಂದಿದ್ದನಂತೆ. ಉಳಿದವರೂ ಹಿಂದೇಟು ಹಾಕಿದ್ದರು.

"ಅದಕ್ಕೇನು! ಆಟ ಮುಗಿದ ಕೂಡಲೇ ನಾನು ತಿದ್ದಿಕೊಂಡಿದ್ದೆನಲ್ಲ," ಎಂದೆ ಅವಳಿಗೆ. 'ವೀಕ್ಷಕರೇ, ಕ್ಷಮಿಸಿ, ಹಿಡಿದವಳು ಫಕ್ಕೀರವ್ವ.' ಈ ಮಾತನ್ನು ನಾನು ಎಷ್ಟೋ ಸನ್ಮಾನಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. "ಪೂರ್ತಿ ರೆಕಾರ್ಡಿಂಗ್ ತಂದು ತೋರಿಸ್ತೇನೆ."

ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಸುಮಾರು ನಲವತ್ತು ಕಿಲೋಮೀಟರು, ಐವತ್ತೈದು ರೂಪಾಯಿ. ಎರಡೂ ಬದಿಗೆ ಜೋಳ, ಕಡಲೆ. ದೂರದ ಗುಡ್ಡದ ಮೇಲೆ ಗಾಳಿಗಿರಣಿಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದವು.

ಲಕ್ಷ್ಮೇಶ್ವರದ ಮೆಹಬೂಬಸಾಬರು ಹಿಂದೆ ಕೇಬಲ್ ನಡೆಸುತ್ತಿದ್ದವರು. ಈಗ ಮೊಬೈಲ್ ರಿಪೇರಿ. ತಮ್ಮ ಜಿಲ್ಲೆಯವರು ಆಡಿದ ಆಟ ಯಾವುದೇ ಇರಲಿ, ಹಿಡಿದಿಡುವ ಹುಚ್ಚು ಅವರಿಗೆ. ಫೈನಲ್ ಇಡಿಯಾಗಿ ಅವರ ಬಳಿ ಇತ್ತು. ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತು ನೋಡಿದೆ. ಹಿಡಿತ ಬಿತ್ತು. ರೇಣುಕಾ, ರೇಣುಕಾ ಎಂದು ನಾನು ಕೂಗಿದೆ. ಸೀಟಿ. ಜಾಹೀರಾತು. ಮತ್ತೆ ನನ್ನ ದನಿ: ಅತಿಥಿಗಳ ಹೆಸರು, ಬಹುಮಾನ, ಹವಾಮಾನ, ನಮಸ್ಕಾರ.

"ಇನ್ನೊಮ್ಮೆ ಹಾಕಿ," ಎಂದೆ.

ಎರಡನೆಯ ಸಲವೂ ಅಷ್ಟೇ.

"ನೀವೇನಾದರೂ ಕತ್ತರಿಸಿದ್ರಾ?"

"ನಾ ಯಾಕ ಕತ್ತರಸ್ಲಿ ಸರ? ಸಾಬೂನಿನ ಜಾಹೀರಾತ ಸೈತ ಬಿಟ್ಟಿಲ್ಲ. ನೀವು ಮನಸಿನ್ಯಾಗ ಅಂದಿರಬೇಕ," ಎಂದು ಮೆಹಬೂಬಸಾಬರು ಚಹಾ ಮುಂದಿಟ್ಟರು. "ಅದನ್ನ ಹಿಡಿಯೂ ಮಷೀನ ನನ್ನ ಕಡೆ ಇಲ್ರಿ."

ಹಾಗಾದರೆ ಆ ವಾಕ್ಯ ಎಲ್ಲಿ ಹುಟ್ಟಿತು? ಆಟ ಮುಗಿದ ಮೇಲೆ ಯಾರೋ ತಪ್ಪು ತೋರಿಸಿದ್ದು ನೆನಪಿದೆ. ಮೈಕಿನ ಕಡೆ ಬಾಗಿದ್ದು ನೆನಪಿದೆ. ಕೋಣೆಯಲ್ಲಿ ಕೆಂಪು ಕುರ್ಚಿ ಇದ್ದದ್ದೂ ನೆನಪಿದೆ. ಈಗ ಕುರ್ಚಿಯ ಬಗ್ಗೆಯೂ ಆಣೆ ಮಾಡಲಾರೆ. ತಪ್ಪು ಮಾಡಿದ್ದು ಒಂದು ಸಲ, ಅದನ್ನು ತಿದ್ದಿದೆ ಎಂದದ್ದು ನೂರು ಸಲ. ಸಾಕ್ಷಿ ತರುತ್ತೇನೆಂದವನ ಕೈ ಖಾಲಿ. ಗದಗದ ಬಸ್ಸು ಎದುರಿಗೇ ನಿಂತಿತ್ತು, ಮರಳಿ ಹೋಗಿಬಿಡಬಹುದಿತ್ತು. ಶಿರಹಟ್ಟಿಯ ಬಸ್ಸು ಹತ್ತಿದೆ. ರೇಣುಕಾ ಮದುವೆಯಾಗಿ ಅಲ್ಲಿದ್ದಾಳೆ ಎಂದು ಫಕ್ಕೀರವ್ವನೇ ಹೇಳಿದ್ದಳು.

ರೇಣುಕಾಳ ಮನೆಯ ಮುಂದಿನ ಕೋಣೆಯೇ ಹೊಲಿಗೆಯಂಗಡಿ. ಗೋಡೆಯ ಗೂಡಿನಲ್ಲಿ ಫೈನಲ್ಲಿನ ಹಿತ್ತಾಳೆಯ ಕಪ್ ಫಳಫಳ ಹೊಳೆಯುತ್ತಿತ್ತು. ನನ್ನ ದನಿ ಕೇಳಿಯೇ ಗುರುತು ಹಿಡಿದಳು. ವಿಷಯ ಹೇಳಿದೆ. ಅವಳು ಮಷೀನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು.

"ನನ್ನ ನೋಡಾಕ ಬಂದಾಗ ಇವರ ಮಂದಿ ಆ ವಿಡಿಯೋ ನೋಡಿ ಹಿಗ್ಗಿಬಿಟ್ರು ಸರ. ನಾ ಅಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಕಪ್ಪನೂ ನನಗ ಕೊಟ್ರು. ಫಕ್ಕೀರಿ ಒಂದ ಮಾತ ಆಡಲಿಲ್ಲ."

ಒಳಗಿನಿಂದ ಅವಳ ಅತ್ತೆ ಹೊರಗೆ ಬಂದರು. "ಅಂದ್ರ, ಶುಕ್ರವಾರಕ್ಕೊಮ್ಮಿ ಹುಣಸಿಹಣ್ಣ ಹಚ್ಚಿ ನಾ ತಿಕ್ಕಿದ್ದು ಮತ್ತೊಬ್ಬಾಕಿ ಕಪ್ಪ ಏನ?"

"ತಂಡದ್ದು ಅತ್ತಿ, ನಮ್ದೂ ಪಾಲ ಐತಿ."

"ಹಂಗಾರ ಅರ್ಧಾ ತಿಕ್ಕಬೇಕಿತ್ತು," ಎಂದು ಮುದುಕಿ ರೊಟ್ಟಿ ಬಡಿಯಲು ಹೋದರು. ಆ ರಾತ್ರಿ ಖಡಕ್ ರೊಟ್ಟಿ, ಎಣ್ಣೆಗಾಯಿ ಉಂಡು ಅವರ ಪಡಸಾಲೆಯಲ್ಲಿ ಮಲಗಿದೆ. ಬೆಳಿಗ್ಗೆ ನೋಡಿದರೆ ರೇಣುಕಾ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನಾನೂ ಬರ್ತೀನ್ರಿ."

ಮುಂಡರಗಿಯ ಬಸ್ಸಿನಲ್ಲಿ ಅವಳಿಗೆ ಹೆಂಗಸರ ಸೊನ್ನೆ ಟಿಕೆಟ್ಟು, ನನಗೆ ಪೂರ್ತಿ ಟಿಕೆಟ್ಟು. ಮುಂಡರಗಿಯಲ್ಲಿ ಒಂದು ಗಂಟೆ ಕಾದು, ಟಂಟಂ ಆಟೊ ಹಿಡಿದು ಹಿರೇವಡ್ಡಟ್ಟಿ ಸೇರಿದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು.

ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಹೊಸದಾಗಿ ಎಳೆದಿತ್ತು. ಬೇವಿನ ಮರದ ಕೆಳಗೆ ಇಪ್ಪತ್ತು ಜನ ಹೆತ್ತವರು. ಫಕ್ಕೀರವ್ವ ಗಿಡ್ಡ ಆಳು, ಅಗಲ ಭುಜ, ಹಣೆಯಲ್ಲಿ ಬೆವರು. ರೇಣುಕಾಳನ್ನು ಕಂಡು, "ಈಗ ಬಂದ್ಯಾ, ಅಂಗಿಯಾಕಿ?" ಎಂದಳು, ಅಷ್ಟೇ.

ನಾನು ಎದ್ದು ನಿಂತು ಹೇಳಿದೆ: ಹಿಡಿದವಳು ಫಕ್ಕೀರವ್ವ, ತಪ್ಪು ಹೇಳಿದವನು ನಾನು, ತಿದ್ದಿಕೊಂಡೆ ಎಂದುಕೊಂಡಿದ್ದೆ, ತಿದ್ದಿಕೊಂಡಿರಲಿಲ್ಲ. ಬಸಪ್ಪ ತಲೆಯ ಟವೆಲ್ ಸರಿಮಾಡಿಕೊಂಡ. ಒರಟನಲ್ಲ, ಬಿಗಿ ಮನುಷ್ಯ.

"ಆವತ್ತ ಒಂದ ಹೆಸರ ಹೇಳಿದ್ರಿ, ಇವತ್ತ ಒಂದ ಹೇಳತೀರಿ. ನಾ ಯಾವುದು ಖರೆ ಅನ್ಲಿ ಸರ?"

ನಾನು ರೇಣುಕಾಳ ಕಡೆ ತಿರುಗಿದೆ.

"ಅಂಗಿ ನಂದು, ಕೈ ಆಕೀದು," ಎಂದಳು ರೇಣುಕಾ.

"ನೀವು ಆಕಿ ಗೆಳತಿ. ಹಂಗ ಅನ್ನವ್ರ," ಎಂದ ಬಸಪ್ಪ.

ಫಕ್ಕೀರವ್ವ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಎಡ ಮೂಲೆಗೆ ಹೋಗಿ ನಿಂತಳು. "ಮಾತ ಸಾಕ. ರೇಣುಕಾ, ಬಾರಲೇ. ನನ್ನ ಕೈಯಿಂದ ಬಿಡಸ್ಕೊಂಡ ಹೋಗಿ ತೋರ್ಸು."

"ಮೊಣಕಾಲ ಐತ್ಲೇ ನಂದು!"

"ನಿನ್ನ ಮೊಣಕಾಲ ಹದಿನಾರ ವರ್ಷ ಅದನ್ನ ಹೇಳತೈತಿ, ಬಾ."

ಜನ ನಕ್ಕರು. ರೇಣುಕಾ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡಳು. ಬಸಪ್ಪ ಮೊಬೈಲ್ ತೆಗೆದು ನನ್ನ ಪಕ್ಕ ಬಂದ. "ಸರ, ಹೆಸರ ಹೇಳಬ್ಯಾಡ್ರಿ. ಕಂಡದ್ದಷ್ಟ ಹೇಳ್ರಿ."

ಕಸುಬಿನಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹೇಳಿದೆ. ಒಬ್ಬಾಕೆ ಒಳಗೆ ಬಂದಳು. ಉಸಿರು ಬಿಡದೆ ಕಬಡ್ಡಿ ಅನ್ನುತ್ತಿದ್ದಾಳೆ. ಬಲಕ್ಕೆ ವಾಲಿದಳು, ಎಡಕ್ಕೆ ಕಾಲು ಚಾಚಿದಳು. ಮೂಲೆಯಾಕೆ ಕದಲಲಿಲ್ಲ. ಬಲಗೈ ನೆಲಕ್ಕೆ ಊರಿದಳು. ಎಡಗೈ ಮುಂದೆ ಹೋಯಿತು. ಹಿಮ್ಮಡಿ ಸಿಕ್ಕಿತು. ಬಂದಾಕೆ ಎಳೆಯುತ್ತಿದ್ದಾಳೆ, ಗೆರೆ ಇನ್ನೂ ಮೊಳ ದೂರ, ಮೂಲೆಯಾಕೆ ಬಿಡುತ್ತಿಲ್ಲ, ಬಿಡುತ್ತಿಲ್ಲ. ಇಬ್ಬರೂ ಮಣ್ಣಿನಲ್ಲಿ ಬಿದ್ದರು.

ಬಸಪ್ಪ ತುಣುಕನ್ನು ನಿಲ್ಲಿಸಿ ಹಿಡಿದಿದ್ದ. ಪರದೆಯಲ್ಲೂ ನೆಲಕ್ಕೆ ಊರಿದ ಬಲಗೈ, ಹಿಮ್ಮಡಿ ಹಿಡಿದ ಎಡಗೈ. ಪರದೆ ನೋಡಿದ, ಮಣ್ಣು ಕೊಡವಿಕೊಳ್ಳುತ್ತಿದ್ದವಳನ್ನು ನೋಡಿದ, ಮತ್ತೆ ಪರದೆ ನೋಡಿದ. ಮೂವರು ತಾಯಂದಿರು ಹೆಸರು ಬರೆಸಲು ಎದ್ದರು. ಬಸಪ್ಪ ಆ ಕಡೆ ಹೋಗಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಎಲ್ಲರೂ ನನ್ನ ಜೊತೆ ರಸ್ತೆಯವರೆಗೆ ಬಂದರು. ಶನಿವಾರ ಸಾಕ್ಷಿ ಹುಡುಕುತ್ತ ಬಂದವನು, ಈಗ ಸಾಕ್ಷಿ ಇಲ್ಲದೆಯೇ ಹಗುರಾಗಿದ್ದೆ. ಆದರೂ ಬಸಪ್ಪ ಮಗಳ ಹೆಸರು ಬರೆಸದಿದ್ದದ್ದು ಚುಚ್ಚುತ್ತಿತ್ತು. ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಾಗ ಅವನು ಫಕ್ಕೀರವ್ವನ ಕಡೆ ತಿರುಗಿದ.

"ಅಲ್ಲಿ ಮಣ್ಣಿನ್ಯಾಗ ಆಡಸ್ತಾರೋ, ಮ್ಯಾಟ್ ಮ್ಯಾಲ?"

"ಮ್ಯಾಟ್ ಮ್ಯಾಲ ಅಣ್ಣಾ."

"ಬೂಟ ಬೇಕಾಕ್ಕಾವ ಹಂಗಾರ." ಮಗಳನ್ನು ಕೂಗಿದ. "ಬಾ ಇಲ್ಲೆ, ಕಾಲ ಇಡು."

ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಹುಡುಗಿ ಧೂಳಿನಲ್ಲಿ ಬರಿಗಾಲು ಇಟ್ಟು ನಿಂತಿದ್ದಳು. ಬಸಪ್ಪ ಮಂಡಿಯೂರಿ ಗೇಣಿನಿಂದ ಅಳೆಯುತ್ತಿದ್ದ.